ಇಗರ್ಜಿಯಲ್ಲಿ ಬಿಟ್ಟ ಚಪ್ಪಲಿ

ತಾಲ್ಲೂಕಿನ ಹಳೆಯ ಗುಡಿ, ಬಸದಿ, ಇಗರ್ಜಿಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದೇನೆ. ದೆವ್ವದ ಮಾತೆತ್ತಿದವರನ್ನು ಗದರಿಸಿ ಕಳಿಸುವವನು ನಾನು.

ನಾರ್ವೆ ಎಂಬ ಹಳ್ಳಿಯಾಚೆ ಕಾಫಿ ತೋಟದೊಳಗೆ ಬ್ರಿಟಿಷ್ ದೊರೆಯೊಬ್ಬ ಕಟ್ಟಿಸಿದ ಪಾಳು ಇಗರ್ಜಿಯಿದೆ. ಹೋದದ್ದು ಮಟಮಟ ಮಧ್ಯಾಹ್ನ. ತೋಟ ಕಾಯುವ ಹೂವಪ್ಪ ಗೇಟಿನಲ್ಲೇ ನಿಂತುಬಿಟ್ಟ. "ಚಪ್ಪಲಿ ಬಿಚ್ಚಬೇಡಿ ಮಾರಾಯ್ರೆ. ಬರಿಗಾಲಲ್ಲಿ ಒಳಗೆ ಬಂದ ಆಳುಗಳಿಗೆ ದೊರೆ ಬೆತ್ತದಲ್ಲಿ ಬಾರಿಸ್ತಿದ್ನಂತೆ."

ಕೇಳಿಸಿಕೊಂಡೇ ಹೋದೆ. ಆದರೂ ಹೊಸ್ತಿಲು ಕಂಡೊಡನೆ ಅಭ್ಯಾಸಬಲದಿಂದ ಚಪ್ಪಲಿ ಹೊರಗೇ ಕಳಚಿಟ್ಟು ಒಳಗೆ ಹೋದೆ. ಮಾಡು ಕುಸಿದ ಕಟ್ಟಡ, ನೆತ್ತಿ ಸುಡುವ ಬಿಸಿಲು. ನೆಲ ಮಾತ್ರ ಬಾವಿಯ ತಳದಂತೆ ತಣ್ಣಗೆ ಕೊರೆಯುತ್ತಿತ್ತು. ಹಿಂದೆ ಕಲ್ಲಿಗೆ ಬೆತ್ತ ಕುಟ್ಟಿದ ಸದ್ದಾಯಿತು. ತಿರುಗಿದರೆ ಯಾರೂ ಇಲ್ಲ. ಚಪ್ಪಲಿ ಹೊಸ್ತಿಲಿನ ಒಳಗಿತ್ತು. ಮತ್ತೆ ಸದ್ದಾಯಿತು. ಈ ಸಲ ಚಪ್ಪಲಿ ನನ್ನ ಹಿಮ್ಮಡಿಯ ಹಿಂದೆಯೇ ಇತ್ತು. ಮುಟ್ಟಿದೆ. ಈಗಷ್ಟೇ ಯಾರೋ ಕಾಲು ತೆಗೆದಂತೆ ಬೆಚ್ಚಗಿತ್ತು.

ಅಲ್ಲೇ ಬಿಟ್ಟು ಓಡಿಬಂದೆ.

ಹೂವಪ್ಪ ಆಗಾಗ ಫೋನ್ ಮಾಡುತ್ತಾನೆ. ಮೊದಲ ವಾರ ಚಪ್ಪಲಿ ಹೊಸ್ತಿಲಿಗೆ ಬಂದಿತ್ತಂತೆ, ಆಮೇಲೆ ಗೇಟಿಗೆ. ನಿನ್ನೆ ಕೇಳಿದ: "ನಿಮ್ಮನೆ ಬಾಳಗಡಿಯಲ್ಲಲ್ವಾ? ಚಪ್ಪಲಿ ಈಗ ಟಾರ್ ರೋಡಲ್ಲಿದೆ. ಮುಖ ಆ ಕಡೆಗೇ ಇದೆ."