ಎಡಗಾಲಿನ ಅರ್ಧ ಇಂಚು

"ಮೇಡಂ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಅಂದ ಶೂ ರಿಪೇರಿ ಅಂಗಡಿಯವನು. ಕೌಂಟರಿನ ಮೇಲೆ ನಾನಿಟ್ಟ ಚೀಲವನ್ನು ಅವನಿನ್ನೂ ಮುಟ್ಟಿರಲಿಲ್ಲ.

"ಕೇಳಿ."

"ಈ ತಿಂಗಳಲ್ಲಿ ನೀವು ಹನ್ನೊಂದು ಜೊತೆ ತಂದ್ರಿ. ಗಂಡಸರ ಒಂಬತ್ತನೇ ಸೈಜು, ಏಳನೇ ಸೈಜು, ಹೆಂಗಸರ ಹೀಲ್ಸು, ಒಂದು ಪೊಲೀಸ್ ಬೂಟು, ಯಾರೋ ಅಜ್ಜನ ಚಪ್ಪಲಿ. ಒಂದೂ ನಿಮ್ಮ ಕಾಲಿಂದಲ್ಲ. ಇದರ ಓನರ್‌ಗಳೆಲ್ಲ..." ಅವನು ದನಿ ತಗ್ಗಿಸಿದ. "ಚೆನ್ನಾಗಿದ್ದಾರಾ?"

ಒಳಗೆ ಹೊಲಿಗೆ ಮೆಷಿನ್ನಿನ ಮುಂದೆ ನಮಗೆ ಬೆನ್ನು ಹಾಕಿ ಕೂತಿದ್ದ ಅವನ ಅಕ್ಕ ಗೊಳ್ಳೆಂದು ನಕ್ಕರು. "ಅವನ ಮಾತಿಗೆ ತಲೆ ಕೆಡಿಸ್ಕೋಬೇಡಮ್ಮಾ. ದಿನಾ ಊಟದ ಹೊತ್ತಿಗೆ ಫೋನಲ್ಲಿ ಒಂದೊಂದು ಕೊಲೆ ನೋಡ್ತಾನೆ. ಕಂಡೋರೆಲ್ಲ ಅವನ ಕಣ್ಣಿಗೆ ಕೊಲೆಗಾರರೇ."

ನಿಜ ಹೇಳಿ ಮುಗಿಸಬಹುದಿತ್ತು. ಆದರೆ ಅವನ ಮುಖದ ಗಾಂಭೀರ್ಯ ನೋಡಿ ನನಗೆ ತುಂಟತನ ಬಂತು.

"ಇವತ್ತಿನ ಬೂಟಿಗೆ ಏನಾಗ್ಬೇಕು ಕೇಳಿ ಮೊದಲು."

"ಏನಾಗ್ಬೇಕು?"

"ಕಿರ್ ಅನ್ನಬೇಕು."

"ಕಿರ್ ಅನ್ನೋದು ನಿಲ್ಲಬೇಕು ಅಂತೀರಾ?"

"ಅಲ್ಲ, ಅನ್ನಬೇಕು. ಬಲಗಾಲು ಮಾತ್ರ. ಅದೂ ಮೆಟ್ಟಿಲು ಇಳಿಯುವಾಗ."

ಅವನು ಅಕ್ಕನ ಕಡೆ ತಿರುಗಿ ನೋಡಿದ. ಪೊಲೀಸರಿಗೆ ಫೋನ್ ಮಾಡುವ ಮೊದಲೇ ಬಾಯಿ ಬಿಡುವುದು ಒಳ್ಳೆಯದು ಅಂತ ನಾನು ನನ್ನ ಕೆಲಸ ಹೇಳಿದೆ. ಸಿನಿಮಾ, ಸೀರಿಯಲ್ಲುಗಳಲ್ಲಿ ಕೇಳಿಸುವ ಹೆಜ್ಜೆ ಸಪ್ಪಳ ಶೂಟಿಂಗಿನ ದಿನದ್ದಲ್ಲ. ಆಮೇಲೆ ಸ್ಟುಡಿಯೋದಲ್ಲಿ ಪರದೆ ನೋಡುತ್ತಾ, ಪಾತ್ರಕ್ಕೆ ತಕ್ಕ ಶೂ ಹಾಕಿಕೊಂಡು, ಕಲ್ಲು ಮರಳು ಹಲಗೆಗಳ ಮೇಲೆ ಒಬ್ಬರು ನಡೆಯುತ್ತಾರೆ. ಆ ಒಬ್ಬರು ನಾನು. ಮುದುಕನಾಗಿ ನಡೆದಿದ್ದೇನೆ, ಕಳ್ಳಿಯಾಗಿ ಓಡಿದ್ದೇನೆ, ಕೆಸರಲ್ಲಿ ಪೊಲೀಸನಾಗಿ ಬಿದ್ದಿದ್ದೇನೆ. ಪ್ರತಿ ನಡಿಗೆಯನ್ನೂ ಸೌಂಡ್ ಎಂಜಿನಿಯರ್ ಒಂದೊಂದು ಹೆಸರು ಕೊಟ್ಟು ಕಂಪ್ಯೂಟರಿನಲ್ಲಿ ಎತ್ತಿಡುತ್ತಾರೆ.

ಅವನು ಬೆರಗಾಗುತ್ತಾನೆ ಅಂದುಕೊಂಡರೆ ಹುಬ್ಬು ಗಂಟಿಕ್ಕಿದ. "ಹಾಗಾದ್ರೆ ಹೋದ ವರ್ಷದ ಆ ಆಸ್ಪತ್ರೆ ಸೀರೀಸಲ್ಲಿ, ಕಾರಿಡಾರಲ್ಲಿ ನರ್ಸ್ ಓಡ್ತಾಳಲ್ಲ, ಅದು?"

"ನಾನೇ."

"ಅವಳ ಕಾಲಲ್ಲಿದ್ದದ್ದು ಕ್ಯಾನ್ವಾಸ್ ಶೂ. ಕೇಳಿಸಿದ್ದು ಲೆದರ್ ಸೋಲ್."

ಅವತ್ತು ನನ್ನ ಕ್ಯಾನ್ವಾಸ್ ಶೂ ಕಿತ್ತುಹೋಗಿತ್ತು. ಯಾರಿಗೆ ಗೊತ್ತಾಗುತ್ತೆ ಅಂತ ಲೆದರಿನಲ್ಲೇ ಓಡಿದ್ದೆ. ನನ್ನ ಹನ್ನೆರಡು ವರ್ಷದ ಕೆಲಸದಲ್ಲಿ ಆ ಕಳ್ಳತನ ಹಿಡಿದವನು ಅವನೊಬ್ಬನೇ. ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಎಡವಟ್ಟು ಶುರುವಾದದ್ದು ಅಲ್ಲಿಂದಲೇ.

ಅವನಿಗೆ ಪತ್ತೇದಾರ ಅಂತ ಹೆಸರಿಟ್ಟೆ. ಶುಕ್ರವಾರ ಮಧ್ಯಾಹ್ನ ಸ್ಟುಡಿಯೋದಲ್ಲಿ ಊಟದ ಬಿಡುವು ಸಿಕ್ಕಿದ ಕೂಡಲೇ ಏನಾದರೂ ನೆಪ ಮಾಡಿಕೊಂಡು ಒಂದು ಜೊತೆ ಶೂ ಹಿಡಿದು ಹೊರಡುತ್ತಿದ್ದೆ. ಚೆನ್ನಾಗಿದ್ದ ಹೀಲ್ಸಿನ ಮೊಳೆಯನ್ನು ನಾನೇ ಸ್ಕ್ರೂಡ್ರೈವರಿನಿಂದ ಕಿತ್ತದ್ದೂ ಉಂಟು. ಅಂಗಡಿಯ ಶಟರ್ ಅರ್ಧ ಇಳಿಸಿ, ಪಾಲಿಶ್ ಡಬ್ಬಿಗೆ ಫೋನ್ ಆನಿಸಿಟ್ಟು, ಅವನು ಬುತ್ತಿ ಬಿಚ್ಚುತ್ತಿದ್ದ. ನನಗೊಂದು ಸ್ಟೂಲು. ಅಕ್ಕ ಯಾವತ್ತೂ ಪರದೆಗೆ ಬೆನ್ನು ಹಾಕಿಯೇ ಕೂತು ಬ್ಯಾಗ್ ಹೊಲಿಯುತ್ತಿದ್ದರು. ರಕ್ತ ನೋಡಿದರೆ ಅವರಿಗೆ ಅನ್ನ ಇಳಿಯುವುದಿಲ್ಲವಂತೆ.

ಪತ್ತೇದಾರನ ಬಾಯಿಗೆ ಬಿಡುವಿಲ್ಲ.

"ಈಗಿನ ಥ್ರಿಲ್ಲರ್‌ಗಳೆಲ್ಲ ಯಾಕೆ ಹೀಗೆ ನೀಲಿ ಬಣ್ಣ? ಆ ಊರಲ್ಲಿ ಸೂರ್ಯ ಹುಟ್ಟಲ್ವಾ?"

"ಮೂಡ್ ಬರಲಿ ಅಂತ."

"ಮೂಡ್ ಇರಲಿ, ಇನ್ಸ್‌ಪೆಕ್ಟರ್ ಮನೇಲಿ ಒಂದು ಲೈಟ್ ಹಾಕ್ಬಾರ್ದಾ? ಕತ್ತಲಲ್ಲಿ ಕೂತು ಫೈಲ್ ಓದ್ತಾನೆ. ಹೆಂಡ್ತಿ ಬಿಟ್ಟು ಹೋದದ್ದು ಸರಿಯಾಗೇ ಇದೆ." ಒಂದು ತುತ್ತು ನುಂಗಿ ಮತ್ತೆ ಶುರು. "ಮೂರು ಎಪಿಸೋಡಿನ ಕಥೆನ ಎಂಟಕ್ಕೆ ಎಳೀತಾರೆ. ಆರನೇದರಲ್ಲಿ ಪೂರ್ತಿ ಫ್ಲ್ಯಾಶ್‌ಬ್ಯಾಕು. ಕೊಲೆಗಾರ ಚಿಕ್ಕವನಿದ್ದಾಗ ಯಾರೋ ಬೈದಿದ್ರಂತೆ. ನನಗೆ ಅಕ್ಕ ದಿನಾ ಬೈತಾಳೆ, ನಾನೇನು ಕತ್ತಿ ಹಿಡ್ಕೊಂಡಿದ್ದೀನಾ?"

"ಕೈಯಲ್ಲಿ ದಬ್ಬಣ ಇದೆಯಲ್ಲ," ಅಂದೆ.

ಅವನು ದಬ್ಬಣವನ್ನೂ ನನ್ನನ್ನೂ ನೋಡಿ ನಕ್ಕ. ನಗುವಾಗ ಅವನು ಕಣ್ಣು ಪೂರ್ತಿ ಮುಚ್ಚುತ್ತಾನೆ. ಹಾಗಾಗಿ ನಾನು ನೋಡುತ್ತಿದ್ದದ್ದು ಅವನಿಗೆ ಗೊತ್ತಾಗುವ ಹಾಗಿರಲಿಲ್ಲ.

ಅವನು ಪಾತ್ರಗಳ ಮುಖಕ್ಕಿಂತ ಕಾಲನ್ನೇ ಹೆಚ್ಚು ನೋಡುತ್ತಿದ್ದ. "ಕಾಡೆಲ್ಲ ಓಡಿ ಬಂದಿದ್ದಾನೆ, ಬೂಟಲ್ಲಿ ಒಂದು ಚೂರು ಮಣ್ಣಿಲ್ಲ," ಅನ್ನುತ್ತಿದ್ದ. "ಬಡವ ಅಂತಾರೆ, ಸೋಲ್ ಒಂದೇ ಕಡೆ ಸವೆದಿರ್ಬೇಕಲ್ವಾ?" ಎರಡನೇ ಎಪಿಸೋಡಿಗೇ ಕೊಲೆಗಾರ ಇಂಥವನೇ ಅಂತ ಹೇಳಿಬಿಡುತ್ತಿದ್ದ. ಹತ್ತಕ್ಕೆ ಒಂಬತ್ತು ಸರಿ.

ಅವನು ಕಾಲು ನೋಡುವವನು. ನಾನು ಕಾಲು ಕೇಳುವವಳು. ಮೊದಲ ದಿನ ಅವನು ಕಪಾಟಿನಿಂದ ಕೌಂಟರಿಗೆ ನಾಲ್ಕು ಹೆಜ್ಜೆ ನಡೆದಾಗಲೇ ನನಗೆ ಕೇಳಿಸಿತ್ತು. ಬಲಗಾಲು ಗಟ್ಟಿಯಾಗಿ ಬೀಳುತ್ತದೆ, ಎಡಗಾಲು ಒಂದು ಕೂದಲೆಳೆ ತಡ, ಮೆತ್ತಗೆ. ಎಡಗಾಲಿನ ಸೋಲ್ ಅರ್ಧ ಇಂಚು ದಪ್ಪ. ಚಿಕ್ಕಂದಿನಲ್ಲಿ ಕಾಲು ಮುರಿದು, ಕೂಡಿದಾಗ ಗಿಡ್ಡವಾಯಿತಂತೆ. ಅವನು ತನಗೆ ತಾನೇ ಶೂ ಮಾಡಿಕೊಳ್ಳುತ್ತಿದ್ದ, ಯಾರಿಗೂ ಗೊತ್ತಾಗದ ಹಾಗೆ. ಅಕ್ಕ ಒಮ್ಮೆ ಮಾತಿನ ನಡುವೆ ಇದನ್ನು ಹೇಳಿ, "ನಾನು ಹೇಳ್ದೆ ಅನ್ನಬೇಡ, ಅವನಿಗೆ ಅದೊಂದು ಮಾತ್ರ ತಡ್ಕೊಳ್ಳೋಕಾಗಲ್ಲ," ಅಂದಿದ್ದರು. ನಾನು ತಲೆಯಾಡಿಸಿದ್ದೆ.

ಆ ಹೊತ್ತಿಗೆ ನನ್ನ ಕೈಯಲ್ಲಿ ದೊಡ್ಡದೊಂದು ಕ್ರೈಮ್ ಸೀರೀಸ್ ಇತ್ತು. ಗುಟ್ಟು ಹೊರಗೆ ಹೋಗಬಾರದೆಂದು ನಿರ್ದೇಶಕರು ದೃಶ್ಯಗಳನ್ನು ಹಿಂದುಮುಂದು ಮಾಡಿ ಕಳಿಸುತ್ತಿದ್ದರು. ಕೊನೆಯ ಎಪಿಸೋಡನ್ನು ಕಳಿಸಲೇ ಇಲ್ಲ. ನಾನು ಮೊದಲು ಮಾಡಿಕೊಟ್ಟ ಸಪ್ಪಳಗಳನ್ನೇ ಅಲ್ಲಿಗೂ ಬಳಸುತ್ತೇವೆ ಅಂದರು. ಕೊಲೆಗಾರ ಯಾರೆಂದು ನನಗೂ ಗೊತ್ತಿರಲಿಲ್ಲ.

ಒಂದು ದಿನ ನಲವತ್ತೊಂದನೇ ದೃಶ್ಯ ಬಂತು. ಜೊತೆಗೆ ನಿರ್ದೇಶಕರ ಚೀಟಿ: 'ಬಾಗಿಲ ಹಿಂದೆ ಹೆಂಗಸು. ಹೊರಗೆ ಪಕ್ಕದ ಮನೆ ಮೇಷ್ಟ್ರ ಹೆಜ್ಜೆ. ಮುಖ ಕಾಣುವ ಮೊದಲೇ, ಬರೀ ಸಪ್ಪಳ ಕೇಳಿ ಅವಳಿಗೆ ಹೋದ ಜೀವ ಬಂದಂತಾಗಬೇಕು.'

ಏಳು ಜೊತೆ ಶೂ ಬದಲಿಸಿ ನಡೆದೆ. ಗಾಜಿನ ಆಚೆಯಿಂದ ಎಂಜಿನಿಯರ್ ಏಳು ಸಲವೂ ತಲೆ ಅಲ್ಲಾಡಿಸಿದರು. "ಸಪ್ಪಳ ಸರಿ ಇದೆ, ಜೀವ ಬರ್ತಿಲ್ಲ."

ಎಂಟನೇ ಸಲ ನಾನು ಪರದೆ ನೋಡಲಿಲ್ಲ. ಕಣ್ಣು ಮುಚ್ಚಿ, ಕಪಾಟಿನಿಂದ ಕೌಂಟರಿಗೆ ನಡೆಯುವವನನ್ನು ನೆನೆಸಿಕೊಂಡು ನಡೆದೆ. ಬಲಗಾಲು ಗಟ್ಟಿ. ಎಡಗಾಲು ಕೂದಲೆಳೆ ತಡ. ಎಂಜಿನಿಯರ್ ಹೆಬ್ಬೆರಳೆತ್ತಿದರು. ನಾನು ಅಲ್ಲೇ ಹಲಗೆಯ ಮೇಲೆ ಕೂತುಬಿಟ್ಟೆ. ಇದು ಬರೀ ಶೂ ರಿಪೇರಿಯ ವಿಷಯವಲ್ಲ ಅನ್ನುವುದು ನನಗೆ ಖಚಿತವಾದದ್ದು ಆಗ.

ಕೆಲವು ತಿಂಗಳ ನಂತರ ಸೀರೀಸ್ ಬಂತು, ಶುಕ್ರವಾರಕ್ಕೊಂದು ಎಪಿಸೋಡು. ನಾವು ಜೊತೆಯಲ್ಲೇ ನೋಡಿದೆವು. ಐದನೇ ಎಪಿಸೋಡಿನಲ್ಲಿ ಬಾಗಿಲ ದೃಶ್ಯ ಬಂದಾಗ ನನ್ನ ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ಅದೂ ಕೇಳಿಸೀತು ಅಂತ ಭಯವಾಯಿತು. ಅಕ್ಕನ ಮೆಷಿನ್ ಗರಗರ ಓಡುತ್ತಿತ್ತು. ಪತ್ತೇದಾರ ಕಿವಿಯನ್ನು ಫೋನಿನ ಹತ್ತಿರ ತಂದ. ಹೊರಗಿನಿಂದ ಕೇಳಿಸುವ ತನ್ನದೇ ನಡಿಗೆ ಯಾರಿಗೂ ಗುರುತು ಸಿಗುವುದಿಲ್ಲ. ಅವನಿಗೂ ಸಿಗಲಿಲ್ಲ.

"ಈ ಮೇಷ್ಟ್ರು ಕೊಲೆಗಾರ ಅಲ್ಲ, ಬರೆದಿಟ್ಕೊಳ್ಳಿ," ಅಂದ. "ಯಾಕೋ ಗೊತ್ತಿಲ್ಲ. ಈ ನಡಿಗೆಯವನು ಯಾರಿಗೂ ಮೋಸ ಮಾಡಲ್ಲ."

"ಹೌದಾ?"

"ನೂರಕ್ಕೆ ನೂರು."

ಸ್ಟುಡಿಯೋಗೆ ವಾಪಸು ಹೋಗುವಾಗ ನಾನು ನೆಲದ ಮೇಲೆ ನಡೆದೆನೋ ಇಲ್ಲವೋ ನೆನಪಿಲ್ಲ. ಸಪ್ಪಳವಂತೂ ಬಂದಿರಲಿಕ್ಕಿಲ್ಲ.

ಎಂಟನೇ ಎಪಿಸೋಡು. ಪರದೆ ಪೂರ್ತಿ ಕಪ್ಪಾಯಿತು. ಹತ್ತು ಸೆಕೆಂಡು ಏನೂ ಕಾಣುವುದಿಲ್ಲ, ಬರೀ ಹೆಜ್ಜೆ. ಅಕ್ಕ ಸೂಜಿಗೆ ದಾರ ಪೋಣಿಸಲೆಂದು ಮೆಷಿನ್ ನಿಲ್ಲಿಸಿದ್ದರು.

"ಬಂದ್ಯಾ?" ಅಂದರು, ತಿರುಗದೆ. "ಕೈ ತೊಳ್ಕೊಂಡು ಕೂತ್ಕೋ, ಊಟ ಆರ್ತಾ ಇದೆ."

ಅವನು ಅವರ ಹಿಂದೆಯೇ ಕೂತಿದ್ದ, ಕೈಯಲ್ಲಿ ತುತ್ತು ಹಿಡಿದುಕೊಂಡು.

ಪರದೆಯಲ್ಲಿ ದೀಪ ಹತ್ತಿತು. ಮೇಷ್ಟ್ರು ಕೈಯಲ್ಲಿ ತಂತಿ ಸುತ್ತಿಕೊಂಡು ನಿಂತಿದ್ದರು. ಕೊಲೆಗಾರ ಅವರೇ.

ಪತ್ತೇದಾರ ದೃಶ್ಯವನ್ನು ಹಿಂದಕ್ಕೆ ಓಡಿಸಿ ಮತ್ತೆ ಕೇಳಿದ. ಇನ್ನೊಮ್ಮೆ ಕೇಳಿದ. ಆಮೇಲೆ ತನ್ನ ಎಡಗಾಲಿನ ಶೂ ನೋಡಿಕೊಂಡ.

"ಇದು ನಾನು," ಅಂದ.

ನಾನು ಸ್ಟೂಲಿನಿಂದ ಎದ್ದೆ.

"ಯಾವಾಗಿಂದ ಗೊತ್ತು ನಿಮಗೆ?"

"ಮೊದಲನೇ ದಿನದಿಂದ."

"ಹದಿನೈದು ವರ್ಷ ಮೇಡಂ. ಪ್ರತಿ ಜೊತೆ ಮಾಡ್ಕೊಂಡಾಗಲೂ ರಸ್ತೇಲಿ ಹತ್ತು ಸಲ ನಡೆದು ನೋಡ್ತಿದ್ದೆ, ಯಾರಾದ್ರೂ ತಿರುಗಿ ನೋಡ್ತಾರಾ ಅಂತ. ಯಾರೂ ನೋಡ್ತಿರಲಿಲ್ಲ. ನಿಮಗೆ ಸಿಕ್ತು, ಸಿಗಲಿ. ಅದನ್ನ ತಗೊಂಡು ಹೋಗಿ ಇವನ ಕಾಲಿಗೆ ಹಾಕಿದ್ರಲ್ಲ."

"ಅವನು ಕೊಲೆಗಾರ ಅಂತ ನನಗೆ ಗೊತ್ತಿರಲಿಲ್ಲ."

"ಮತ್ತೆ ಏನಂತ ಗೊತ್ತಿತ್ತು?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅಕ್ಕ ಇಷ್ಟಗಲ ಕಣ್ಣು ಬಿಟ್ಟು ನಮ್ಮಿಬ್ಬರನ್ನೇ ನೋಡುತ್ತಿದ್ದರು. ನಾನು ಸುಮ್ಮನೆ ನಿಂತೆ. ಅವನಿಗೆ ಬೇಕಾದ ಸಾಕ್ಷಿ ಅದೇ ಆಯಿತು.

"ನಿಮ್ಮ ಶೂ ರೆಡಿ ಇದೆ," ಅಂತ ಚೀಲ ಮುಂದೆ ತಳ್ಳಿದ. "ಇನ್ಮೇಲೆ ಬಸ್ ಸ್ಟಾಂಡ್ ಹತ್ತಿರ ಇರೋ ಅಂಗಡಿಗೆ ಕೊಡಿ. ಒಳ್ಳೆ ಕೆಲಸ ಮಾಡ್ತಾರೆ."

ಬೈದಿದ್ದರೆ ಸಹಿಸುತ್ತಿದ್ದೆ. ಅಷ್ಟು ಸಿಟ್ಟಿನಲ್ಲೂ ಒಳ್ಳೆಯ ಅಂಗಡಿಯನ್ನೇ ಹೇಳಿದನಲ್ಲ, ಅದನ್ನು ಸಹಿಸಲಾಗಲಿಲ್ಲ.

ಹತ್ತು ದಿನ ನಾನು ಯಾರ ಹಾಗೆ ನಡೆದರೂ ಎಂಜಿನಿಯರ್ ತಲೆ ಅಲ್ಲಾಡಿಸಿದರು. ಹನ್ನೊಂದನೇ ದಿನ ಮಂಗಳವಾರ, ಅವನು ಚರ್ಮ ತರಲು ಹೋಗುವ ಹೊತ್ತು ನೋಡಿಕೊಂಡು ಅಂಗಡಿಗೆ ಹೋದೆ. ನಾವು ಮೊದಲು ಮಾತಾಡಿದ ದಿನದ ಕಿರ್ ಅನ್ನುವ ಬೂಟನ್ನು ಕೌಂಟರಿನ ಮೇಲಿಟ್ಟೆ. ಒಳಗೆ ನಿರ್ದೇಶಕರ ಚೀಟಿ ಇತ್ತು. ಅದರ ಕೆಳಗೆ ನಾನು ಬರೆದಿದ್ದೆ: 'ಏಳು ಜೊತೆ ಶೂ ಹಾಕಿ ನಡೆದೆ, ಜೀವ ಬರಲಿಲ್ಲ. ಆಮೇಲೆ ನಿಮ್ಮ ಹಾಗೆ ನಡೆದೆ. ಅವನನ್ನು ಕೊಲೆಗಾರ ಮಾಡಿದ್ದು ಕಥೆ ಬರೆದವರು. ನಾನು ನಡೆದದ್ದು ಬಾಗಿಲ ಹಿಂದೆ ಕಾಯುವವಳಿಗೋಸ್ಕರ. ನಿಮ್ಮನ್ನು ಕೇಳದೆ ಮಾಡಿದ್ದು ತಪ್ಪು. ತಪ್ಪಾಯ್ತು.'

"ಅವರಿಗೆ ಕೊಡಿ ಅಕ್ಕ. ನೀವು ಓದಬೇಡಿ."

"ನಾನ್ಯಾಕಮ್ಮಾ ಓದಲಿ," ಅನ್ನುತ್ತಾ ಅಕ್ಕ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಇಷ್ಟು ದಿನ ಎಲ್ಲಿ ಕೂತಿದ್ದೆ ಪುಣ್ಯಾತ್ಗಿತ್ತಿ? ಇಲ್ಲಿ ಅವನು ಹತ್ತು ದಿನದಿಂದ ಒಂದು ಕೊಲೆನೂ ನೋಡಿಲ್ಲ."

ಬುಧವಾರ ಯಾರೂ ಬರಲಿಲ್ಲ. ಗುರುವಾರವೂ ಇಲ್ಲ. ನಮ್ಮ ಸ್ಟುಡಿಯೋದ ಬಾಗಿಲು ಗೇಣು ದಪ್ಪ, ಹಾಕಿದರೆ ಹೊರಗಿನ ಒಂದು ಸದ್ದೂ ಒಳಗೆ ಬರುವುದಿಲ್ಲ. ಶುಕ್ರವಾರ ನಾನು ಅದಕ್ಕೆ ಒಂದು ಪೊಲೀಸ್ ಬೂಟನ್ನು ಅಡ್ಡ ಇಟ್ಟು ತೆರೆದೇ ಬಿಟ್ಟೆ.

"ಬಾಗಿಲು ಹಾಕಿ," ಅಂದರು ಎಂಜಿನಿಯರ್. "ಹೊರಗಿನದೆಲ್ಲ ರೆಕಾರ್ಡ್ ಆಗ್ತಿದೆ."

"ಆಗಲಿ."

ಒಂದೂವರೆಗೆ ಕಾರಿಡಾರಿನ ಆ ತುದಿಯಲ್ಲಿ ಸಪ್ಪಳ ಕೇಳಿಸಿತು. ಬಲಗಾಲು ಗಟ್ಟಿ. ಎಡಗಾಲು ಮೆತ್ತಗಿರಲಿಲ್ಲ. ನೆಲಕ್ಕೆ ತಾಗಿ, ಎಳೆದುಕೊಂಡು, ಸ್ವಲ್ಪವೂ ನಾಚಿಕೆಯಿಲ್ಲದೆ ಬರುತ್ತಿತ್ತು. ಈ ನಡಿಗೆಯನ್ನು ನಾನು ಯಾವತ್ತೂ ಕೇಳಿರಲಿಲ್ಲ. ಆದರೂ ಅವನೇ ಅಂತ ಗೊತ್ತಾಯಿತು. ನನ್ನ ಕಣ್ಣು ತುಂಬಿತು.

ಅವನು ಬಾಗಿಲಲ್ಲಿ ನಿಂತ. ಕಾಲಲ್ಲಿ ಹೊಸ ಶೂ, ಎರಡೂ ಸೋಲ್ ಒಂದೇ ಸಮ.

"ಅರ್ಧ ಇಂಚು ಕಿತ್ತು ಹಾಕ್ದೆ," ಅಂದ. "ನೀವು ಮಾಡಿದ್ದು ತಪ್ಪಾಗಿತ್ತು ಮೇಡಂ. ನನ್ನ ಎಡಗಾಲು ಅಷ್ಟು ಮೆತ್ತಗೆ ಬೀಳಲ್ಲ. ಹೀಗೆ ಬೀಳುತ್ತೆ. ಮಾಡೋದಾದ್ರೆ ಸರಿಯಾಗಿ ಮಾಡಿ."

"ಆ ನರ್ಸಿನ ಶೂ ಆದ್ಮೇಲೆ ಇದು ಎರಡನೇ ತಪ್ಪು," ಅಂದೆ.

"ಮೂರನೇದು. ಆ ದಿನ ನಾನು ಕೇಳಿದ್ದಕ್ಕೆ ಉತ್ತರ ಹೇಳ್ಲಿಲ್ಲ ನೀವು." ಅವನು ಒಳಗೆ ಎರಡು ಹೆಜ್ಜೆ ಇಟ್ಟ. "ಬಾಗಿಲ ಹಿಂದೆ ಕಾಯ್ತಿದ್ದವಳು ಯಾರು?"

"ಪತ್ತೇದಾರರು ನೀವು. ಇದಕ್ಕೂ ಎಂಟು ಎಪಿಸೋಡು ಬೇಕಾ?"

"ಎರಡನೇದರಲ್ಲೇ ಗೊತ್ತಿತ್ತು," ಅಂದ ಅವನು ಮೆಲ್ಲಗೆ. "ಚೆನ್ನಾಗಿದ್ದ ಹೀಲ್ಸಿನ ಮೊಳೆ ಸ್ಕ್ರೂಡ್ರೈವರಲ್ಲಿ ಕಿತ್ತು ತಂದ್ರಲ್ಲ, ಆವತ್ತೇ. ನನ್ನ ಊಹೆ ತಪ್ಪಾಗಿದ್ರೆ ನೀವು ಬರೋದು ನಿಲ್ಲಿಸ್ತೀರಿ ಅಂತ ಭಯ. ಅದಕ್ಕೇ ಸುಮ್ಮನಿದ್ದೆ."

ನನ್ನ ಮುಖ ಕೆಂಪಾದದ್ದನ್ನು ಈ ಸಲ ಅವನು ಕಣ್ಣು ಬಿಟ್ಟೇ ನೋಡಿದ. ಅವನ ಕೈ ನನ್ನ ಕೈಯನ್ನು ಹುಡುಕಿಕೊಂಡಿತು. ದಾರ ಎಳೆದೆಳೆದು ಒರಟಾದ ಬೆರಳುಗಳು, ಬೆಚ್ಚಗಿದ್ದವು.

ಗಾಜಿನ ಆಚೆ ಎಂಜಿನಿಯರ್ ಕೆಮ್ಮಿದರು. "ಕಾರಿಡಾರಿನ ಆ ನಡಿಗೆ ಪೂರ್ತಿ ರೆಕಾರ್ಡ್ ಆಗಿದೆ. ಅಳಿಸ್ಲಾ?"

ನಾನು ಅವನ ಮುಖ ನೋಡಿದೆ. ಈ ಸಲ ಕೇಳದೆ ಏನೂ ಮಾಡುವ ಹಾಗಿರಲಿಲ್ಲ. ಅವನು ಅಳಿಸುವುದು ಬೇಡ ಅನ್ನುವಂತೆ ತಲೆಯಾಡಿಸಿದ.

"ಇರಲಿ ಬಿಡಿ," ಅಂದೆ.

"ಏನಂತ ಹೆಸರು ಹಾಕಲಿ?"

"'ನಮ್ಮನೆಯವರು' ಅಂತ ಹಾಕಿ."