ರಾಜಕುಮಾರ ಹಾಗಲಕಾಯಿ ಬೆಳೆದದ್ದು

ಬಹಳ ಬಹಳ ಹಿಂದೆ, ಯಾರ ಅಜ್ಜಿಗೂ ನೆನಪಿಲ್ಲದಷ್ಟು ಹಿಂದೆ, ತೊರೆನಾಡು ಎಂಬ ರಾಜ್ಯದಲ್ಲಿ ಚಿತ್ರಭಾನು ಎಂಬ ರಾಜಕುಮಾರನಿದ್ದ. ಕತ್ತಿ ತಿರುಗಿಸಬಲ್ಲ, ಕುದುರೆ ಪಳಗಿಸಬಲ್ಲ. ಅರಮನೆಗೊಂದು ಹಿತ್ತಲಿದೆ ಎಂಬುದು ಮಾತ್ರ ಪಾಪ, ಅವನಿಗೆ ಗೊತ್ತಿರಲಿಲ್ಲ.

ಒಂದು ದಿನ ಧೂಮ್ರಜಿಹ್ವನೆಂಬ ಮಾಂತ್ರಿಕ ಬಂದು ಅವನ ತಾಯಿ ಹೊನ್ನಲದೇವಿಯನ್ನು ಗೊರವಂಕ ಹಕ್ಕಿಯಾಗಿಸಿದ. “ಮೂರು ತಿಂಗಳೊಳಗೆ ನೀನೇ ಬೆಳೆದ ಹಾಗಲಕಾಯಿಯನ್ನು ನಿನ್ನ ಕೈಯಾರೆ ಇದಕ್ಕೆ ತಿನ್ನಿಸು, ತಾಯಿ ಸಿಗುತ್ತಾಳೆ. ಇಲ್ಲದಿದ್ದರೆ ಹಕ್ಕಿ ನನ್ನ ಪಂಜರಕ್ಕೆ. ಮನುಷ್ಯರು ಯಾರೂ ನಿನಗೆ ಹೇಳಿಕೊಡುವಂತಿಲ್ಲ,” ಎಂದು ಏಳು ಬೀಜ ಎಸೆದು ಹೋದ.

ಹಿತ್ತಲ ಬಾವಿಯಲ್ಲಿ ಮಾತಾಡುವ ಆಮೆಯೊಂದಿತ್ತು. ತಿಂಗಳಿಗೆ ಎರಡೇ ಪದ ಆಡುತ್ತಿತ್ತು. ಮೂರನೆಯದಕ್ಕೆ ಎಷ್ಟು ಗೋಗರೆದರೂ ಬಾಯಿ ಬಿಡುತ್ತಿರಲಿಲ್ಲ.

ಹಿತ್ತಲು ಹುಡುಕಿಕೊಂಡು ಬಂದ ರಾಜಕುಮಾರ ಬೀಜ ತೋರಿಸಿ ಕೇಳಿದ, “ಆಮೆಯಣ್ಣ, ಏನು ಮಾಡಲಿ?”

“ಮಡಿ ಮಾಡು.”

ತೋಟದವರ ಮಾತಿನಲ್ಲಿ ಮಡಿ ಎಂದರೆ ಅಗೆದು ಹದ ಮಾಡಿದ ಪಾತಿ. ಇವನಿಗೆ ಗೊತ್ತಿದ್ದದ್ದು ಪೂಜೆಯ ಮಡಿ. ಬಾವಿ ನೀರು ಹೊಯ್ದುಕೊಂಡು, ಒದ್ದೆ ಪಂಚೆಯುಟ್ಟು, “ಯಾರೂ ಮುಟ್ಟಬೇಡಿ!” ಎಂದು ಕೋಳಿಗಳನ್ನೆಲ್ಲ ಗದರಿಸುತ್ತ ಗಟ್ಟಿನೆಲದ ಮೇಲೆ ಬೀಜ ಉದುರಿಸಿದ. ಗೊರವಂಕ ರೆಕ್ಕೆ ಬಡಿದು ಅರಚಿತು. ಅಮ್ಮ ಮೆಚ್ಚಿದಳು ಎಂದುಕೊಂಡ. ಆರು ಬೀಜ ಇರುವೆ ಪಾಲಾಯಿತು. ದಿನವೂ ಪಂಚೆ ಹಿಂಡುತ್ತಿದ್ದ ಜಾಗದಲ್ಲಿ ಏಳನೆಯದು ಮಾತ್ರ ಮೊಳೆಯಿತು.

ಎರಡನೆಯ ತಿಂಗಳು ಆಮೆ ಹೇಳಿತು, “ಕಳೆ ತೆಗೆ.”

ಸುತ್ತ ಮೊಣಕಾಲೆತ್ತರ ಹುಲ್ಲು ಬೆಳೆದಿತ್ತು. ಆದರೆ ಇವನಿಗೆ ಕಳೆ ಎಂದರೆ ಮುಖದ ಕಳೆ! ಹುಟ್ಟಿದಾಗಿನಿಂದ ಎಲ್ಲರೂ ‘ಎಂಥ ರಾಜಕಳೆ’ ಎಂದು ಹೊಗಳಿದ್ದೇ ಹೊಗಳಿದ್ದು. ಒಲೆಯ ಬೂದಿ ಬಳಿದುಕೊಂಡು, ಒಡವೆ ಬಿಚ್ಚಿಟ್ಟು, ಗಿಡದ ಪಕ್ಕ ಜೋಲುಮೋರೆ ಹಾಕಿ ಕೂತ. ಗೊರವಂಕ ರೆಕ್ಕೆ ಬಡಿದು ಅರಚಿತು. ಅಮ್ಮನಿಗೆ ನನ್ನ ಮುಖ ನೋಡಿ ದುಃಖವಾಯಿತು ಎಂದುಕೊಂಡ. ಬೇಜಾರಾದವರು ಸುಮ್ಮನೆ ಕೂರುತ್ತಾರೆಯೇ? ಕೂತಲ್ಲೇ ಹುಲ್ಲು ಕಿತ್ತ, ಕಿತ್ತ, ಕಿತ್ತ. ಬಳ್ಳಿಗೆ ಗಾಳಿ ಬೆಳಕು ಸಿಕ್ಕಿತು.

ಮೂರನೆಯ ತಿಂಗಳು ಆಮೆ ಹೇಳಿತು, “ಚಪ್ಪರ ಹಾಕು.”

“ಮದುವೆಯೇ? ಯಾರಿಗೆ?” ಆಮೆ ಬಾವಿಯೊಳಗೆ ಮುಳುಗಿತು. ತಲೆ ಕೆರೆದುಕೊಳ್ಳುತ್ತಲೇ ರಾಜಕುಮಾರ ಬಿದಿರು ನೆಟ್ಟ, ಸೋಗೆ ಹೊದಿಸಿದ, ಬಾಳೆಕಂದು ನಿಲ್ಲಿಸಿದ, ಮಾವಿನ ತೋರಣ ಕಟ್ಟಿದ. ಗೊರವಂಕ ಅರಚಿ ಅರಚಿ ಸುಸ್ತಾಯಿತು. ಬಳ್ಳಿಗೆ ಮದುವೆಚಪ್ಪರವಾದರೇನು? ಕಂಬ ಹಿಡಿದು ಹತ್ತಿತು.

ಕೊನೆಯ ದಿನ ನಡುಮಧ್ಯಾಹ್ನ ಧೂಮ್ರಜಿಹ್ವ ಪಂಜರ ಹಿಡಿದು ಬಂದ. ಚಪ್ಪರ ಕಂಡದ್ದೇ ಚಪ್ಪಲಿ ಬಿಟ್ಟ.

“ಮದುವೆ ಯಾರದು?”

“ಗೊತ್ತಿಲ್ಲ.”

“ಹೆಣ್ಣು ಎಲ್ಲಿಯವಳು?”

“ಗೊತ್ತಿಲ್ಲ. ನಿಮಗೇನಾದರೂ ಗೊತ್ತೆ?”

ಮಾಂತ್ರಿಕನಿಗೂ ತಲೆ ಕೆಟ್ಟಿತು. ಮುಹೂರ್ತ ಮುಗಿಯದೆ ಮದುವೆಮನೆಯಿಂದ ಹಕ್ಕಿ ಹಿಡಿದುಕೊಂಡು ಹೋಗುವುದು ಹೇಗೆ? ಮುಜುಗರದಿಂದ ಚಾಪೆಯ ತುದಿಯಲ್ಲಿ ಕೂತ.

ಅಷ್ಟರಲ್ಲಿ ರಾಜಕುಮಾರ ತೋರಣದ ನಡುವೆ ನೇತಾಡುವ ಹಸಿರು, ಗಂಟುಗಂಟಿನ ವಸ್ತು ಕಂಡ. ಹಾಗಲಕಾಯಿಯನ್ನು ಅವನು ನೋಡಿದ್ದು ಗೊಜ್ಜಿನಲ್ಲಿ ಮಾತ್ರ. “ಅಮ್ಮ, ಇದೇನು? ಮೊಸಳೆಮರಿಯೇ?” ಎಂದು ಕಿತ್ತು ಹಕ್ಕಿಯ ಮುಂದೆ ಹಿಡಿದ. ಹಕ್ಕಿ ಕುಕ್ಕಿ ನುಂಗಿತು.

ಮರುಕ್ಷಣ ಹೊನ್ನಲದೇವಿ ನಿಂತಿದ್ದಳು. ಅವಳನ್ನು ಬಿಟ್ಟ ಶಾಪ, ಹಾಕಿದವನಿಗೇ ತಿರುಗಿ ತಗುಲಿತು. ಧೂಮ್ರಜಿಹ್ವ ಚಾಪೆಯ ಮೇಲೆಯೇ ಗೊರವಂಕವಾಗಿ ಹಾರಿಹೋದ.

“ಮಡಿ ಅಂದ್ರೆ ಪಾತಿ ಕಣೋ! ಕಳೆ ಅಂದ್ರೆ ಹುಲ್ಲು! ಚಪ್ಪರ ಬಳ್ಳಿಗೆ!” ತಾಯಿ ಮಗನ ಕಿವಿ ಹಿಡಿದಳು. “ಮೂರು ತಿಂಗಳಿಂದ ಬಡ್ಕೋತಾ ಇದ್ದೀನಿ, ಕೇಳಿಸ್ಲಿಲ್ವೇನೋ ನಿಂಗೆ?”

“ಕೇಳಿಸ್ತಿತ್ತಮ್ಮ. ಅರ್ಥ ಆಗ್ತಿರ್ಲಿಲ್ಲ,” ಎಂದು ರಾಜಕುಮಾರ ಬಿಕ್ಕಿ ಬಿಕ್ಕಿ ಅತ್ತ. ಬೈಗುಳ ಅರ್ಥವಾದದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ತೊರೆನಾಡು ಅದುವರೆಗೆ ಕಂಡಿರಲಿಲ್ಲ. ಹೊನ್ನಲದೇವಿ ಕಿವಿ ಬಿಟ್ಟು ಅವನನ್ನು ಅಪ್ಪಿಕೊಂಡಳು. ಆ ದಿನ ಊರಿಗೆ ಊರೇ ಆ ಚಪ್ಪರದಡಿ ಉಂಡಿತು, ನೂರು ವರ್ಷ ನಗುನಗುತ್ತ ಬಾಳಿತು.