ಅಳತೆ ಕಾಗದದ ಬೆನ್ನಿಗೆ

"ಅಳತೆ ಹಾಕೋ ಕಾಗದದ ಮೇಲೆ ಕಥೆ ಗೀಚ್ತೀಯಾ? ನನ್ನ ಮಾನ ಕಳೀಬೇಕು ಅಂತಲೇ ಈ ಮನೆಗೆ ಬಂದ್ಯಾ?"

ಅತ್ತೆ ಎಸೆದ ಕಂದು ಕಾಗದದ ತುಂಡುಗಳು ಸೊಸೆಯ ಕಾಲ ಬಳಿ ಬಿದ್ದವು. ಕಾದ ಇಸ್ತ್ರಿಪೆಟ್ಟಿಗೆ ಹಿಡಿದಿದ್ದವಳು ನಿಂತಲ್ಲೇ ಕಲ್ಲಾದಳು.

ಆ ಮನೆಯ ಮುಂದಿನ ಕೋಣೆಯಲ್ಲಿ ಅತ್ತೆ ಬಟ್ಟೆ ಕತ್ತರಿಸುತ್ತಿದ್ದಳು. ಹಿತ್ತಲ ಶೆಡ್ಡಿನಲ್ಲಿ ಆರು ಹೆಂಗಸರು ಹೊಲಿಯುತ್ತಿದ್ದರು. ಗುಂಡಿ, ಕಾಜಾ, ಇಸ್ತ್ರಿ ಸೊಸೆಯ ಪಾಲು. ಇಸ್ತ್ರಿಪೆಟ್ಟಿಗೆ ಕಾಯುವಷ್ಟು ಹೊತ್ತು, ಮಗು ಕಣ್ಣು ಮುಚ್ಚಿದಷ್ಟು ಹೊತ್ತು ಅವಳು ಅಳತೆ ಕಾಗದದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದಳು. ಯಾರಿಗೂ ತೋರಿಸುವ ಧೈರ್ಯವಿಲ್ಲ... ಆದರೆ ಬರೆಯುವಾಗ ಮಾತ್ರ ಎದೆ ಹೂವಿನಷ್ಟು ಹಗುರ! ಓದು ಬಾರದ ಅತ್ತೆ ಆ ಹಾಳೆಯನ್ನೇ ಮಗುಚಿ ಹಾಸಿ, ಗೆರೆ ಎಳೆದು, ಬೆನ್ನು, ತೋಳು, ಕಾಲರ್ ಎಂದು ಕತ್ತರಿಸಿ, ಬಟ್ಟೆಯ ಜೊತೆ ಶೆಡ್ಡಿಗೆ ಕಳಿಸಿಬಿಟ್ಟಿದ್ದಳು. ಹೆಂಗಸರು ತುಂಡುಗಳನ್ನು ಜೋಡಿಸಿಕೊಂಡು ಓದುತ್ತ ಕುಳಿತರು. ಸಮವಸ್ತ್ರ ಒಯ್ಯಲು ಬಂದ ಶಾಲೆಯವರು ಬರಿಗೈಯಲ್ಲಿ ಮರಳಿದರು.

"ನನ್ನಾಣೆ! ಇನ್ನು ಒಂದಕ್ಷರ ಬರೆಯೋ ಹಾಗಿಲ್ಲ!"

ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದ ಗಂಡ ತಲೆಯನ್ನೇ ಎತ್ತಲಿಲ್ಲ.

"ಆಯ್ತು, ಅತ್ತೆ..."

ಹತ್ತು ದಿನ ಅವಳು ಪೆನ್ಸಿಲ್ ಮುಟ್ಟದೆ ದುಡಿದಳು. ಹನ್ನೊಂದನೆಯ ದಿನ, ಎಲ್ಲರೂ ಸೂಜಿಯಜ್ಜಿ ಎನ್ನುವ ಹಿರಿಯ ಹೊಲಿಗೆಯವಳು ಸೀದಾ ಒಳಗೆ ಬಂದಳು.

"ಏನಮ್ಮಾ, ಆ ಕಥೇಲಿ ಅತ್ತೆ ಬಾಗಿಲು ತೆಗೆದ್ಲೋ ಇಲ್ವೋ? ನಮಗಂತೂ ಗಂಟಲಲ್ಲಿ ಅನ್ನ ಇಳೀತಿಲ್ಲ!"

ಅತ್ತೆಯ ಕತ್ತರಿ ಗಕ್ಕನೆ ನಿಂತಿತು. "ಓಹೋ! ನನ್ನನ್ನೇ ರಾಕ್ಷಸಿ ಮಾಡಿ ಬರೆದಿದ್ದಾಳೆ ಅನ್ನು!"

"ಬೆನ್ನಿನ ತುಂಡು ಓದೋವಾಗ ನಾವೂ ಬಾಯ್ತುಂಬ ಬೈದ್ವಿ ಕಣೇ. ಕಾಲರ್ ತುಂಡಲ್ಲಿ ನೋಡಿದ್ರೆ, ಸೊಸೇನ ಹೊರಗೆ ಹಾಕಿದವಳೇ ಬಾಗಿಲ ಹಿಂದೆ ಕೂತು ಸೆರಗು ಕಚ್ಕೊಂಡು ಅಳ್ತಿದ್ದಾಳೆ! ಅಲ್ಲಿಗೆ ಕಾಗದ ಮುಗೀತು."

ಅತ್ತೆ ಕತ್ತರಿ ಕೆಳಗಿಟ್ಟಳು. ಆಮೇಲೆ ಸೊಸೆಯತ್ತ ತಿರುಗದೆಯೇ ಕೇಳಿದಳು: "ಯಾಕೆ ಅಳ್ತಾಳೆ ಅವಳು?"

"ನನಗೂ ಗೊತ್ತಿಲ್ಲ, ಅತ್ತೆ. ಬರೀತಾ ಹೋಗಿದ್ರೆ ಗೊತ್ತಾಗ್ತಿತ್ತು... ನಿಮ್ಮಾಣೆ ಇದೆಯಲ್ಲ."

"ನನಗೆ ಗೊತ್ತು." ಅತ್ತೆಯ ದನಿ ಒಡೆಯಿತು. "ಹದಿನೇಳನೇ ವಯಸ್ಸಿಗೆ ಕತ್ತರಿ ಹಿಡಿದವಳು ಅವಳು. ಇಷ್ಟು ವರ್ಷದಲ್ಲಿ ಊಟ ಆಯ್ತಾ ಅಂತ ಒಬ್ಬರೂ ಕೇಳಲಿಲ್ಲ... ಒಬ್ಬರೂ! ಹಾಗಂತ ಬರಿ."

"ಮತ್ತೆ ಆಣೆ?"

"ಇಟ್ಟವಳೇ ತೆಗೀತಿದ್ದೀನಲ್ಲೇ, ಮಂಕೇ!" ಎನ್ನುತ್ತ ಅತ್ತೆ ಅವಳ ಕೈಯಿಂದ ಇಸ್ತ್ರಿಪೆಟ್ಟಿಗೆ ಕಿತ್ತುಕೊಂಡಳು.

ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಸೊಸೆ ಶೆಡ್ಡಿನ ನಡುವೆ ನಿಂತು ಓದಿದಳು. ಮೊದಮೊದಲು ದನಿ ನಡುಗಿತು. ಹೆಂಗಸರು ಒಮ್ಮೆ ಗೊಳ್ಳೆಂದು ನಕ್ಕಮೇಲೆ ಭಯವೆಲ್ಲ ಗಾಳಿಗೆ ಹಾರಿತು. ತಾನು ಒಬ್ಬಳೇ ಹೊತ್ತಿದ್ದುದನ್ನು ಇಷ್ಟು ಜನ ಹೆಗಲು ಕೊಟ್ಟು ಹೊರುತ್ತಿದ್ದಾರೆ ಎನ್ನಿಸಿತು ಅವಳಿಗೆ. 'ಊಟ ಆಯ್ತಾ' ಎನ್ನುವ ಮಾತು ಬಂದಾಗ ಮೂಲೆಯಿಂದ ಬಿಕ್ಕುವ ಸದ್ದು ಕೇಳಿಸಿತು.

"ನಿಲ್ಲಿಸ್ಲಾ, ಅತ್ತೆ?"

"ನಿಲ್ಲಿಸಿದ್ರೆ ನೋಡು!" ಸೆರಗಿನಲ್ಲಿ ಮುಖ ಮುಚ್ಚಿಕೊಂಡೇ ಅತ್ತೆ ಗದರಿದಳು. "ಓದು, ಮಗಳೇ... ಓದು."